ತಲೆದೆಸೆಯಲ್ಲಿ ಕೂತವರು: ಉಗಾಂಡದ ಅರಿವಳಿಕೆಯ ಕಥೆ

1879ರ ಮಾತು. ಈಗಿನ ಉಗಾಂಡದ ಪಶ್ಚಿಮ ಭಾಗದ ಬುನ್ಯೋರೋ ರಾಜ್ಯ, ಅಲ್ಲಿ ಕಹುರಾ ಎಂಬ ಊರು. ಗುಡಿಸಲೊಂದರಲ್ಲಿ ಇಪ್ಪತ್ತರ ಆಸುಪಾಸಿನ ಚೊಚ್ಚಲ ಬಸುರಿಯೊಬ್ಬಳನ್ನು ಇಳಿಜಾರಾಗಿಟ್ಟ ಮಂಚದ ಮೇಲೆ ಮಲಗಿಸಿದ್ದರು. ತಲೆ ಗೋಡೆಯ ಕಡೆಗೆ. ಹೊಟ್ಟೆ ಕುಯ್ಯದೆ ಮಗು ಹೊರಬರುವಂತಿರಲಿಲ್ಲ. ಅವಳಿಗೆ ಬಾಳೆಹಣ್ಣಿನ ಮದ್ಯವನ್ನು ಧಾರಾಳವಾಗಿ ಕುಡಿಸಿದ್ದರಿಂದ ಅರೆಮತ್ತಿನಲ್ಲಿದ್ದಳು. ಮರದ ತೊಗಟೆ ಬಡಿದು ಮಾಡಿದ ಬಟ್ಟೆಯಿಂದ ಎದೆಯನ್ನೂ ತೊಡೆಗಳನ್ನೂ ಮಂಚಕ್ಕೆ ಕಟ್ಟಿದ್ದರು. ಒಬ್ಬ ಕಾಲಿನ ಗಿಣ್ಣು ಹಿಡಿದಿದ್ದ, ಇನ್ನೊಬ್ಬ ಬಲಬದಿಯಲ್ಲಿ ನಿಂತು ಹೊಟ್ಟೆ ಅಲುಗದಂತೆ ಒತ್ತಿಕೊಂಡಿದ್ದ. ಶಸ್ತ್ರ ಹಿಡಿದವನು ಎಡಗಡೆ ನಿಂತು ಮಂತ್ರ ಹೇಳಿಕೊಂಡು, ತನ್ನ ಕೈಯನ್ನೂ ಅವಳ ಹೊಟ್ಟೆಯನ್ನೂ ಮೊದಲು ಅದೇ ಮದ್ಯದಿಂದ, ಆಮೇಲೆ ನೀರಿನಿಂದ ತೊಳೆದ. ಒಂದು ಕೂಗು ಹಾಕಿದ. ಹೊರಗೆ ನೆರೆದಿದ್ದ ಜನ ಆ ಕೂಗನ್ನು ಎತ್ತಿಕೊಂಡರು. ಅವನು ಕುಯ್ದ.

ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದವನು ರಾಬರ್ಟ್ ಫೆಲ್ಕಿನ್, ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ತರುಣ, ಮಿಷನರಿಗಳ ಜೊತೆ ಪ್ರಯಾಣ ಹೊರಟಿದ್ದವನು. ರಕ್ತ ಒಸರುವ ಜಾಗಕ್ಕೆ ಕಾಯಿಸಿದ ಕಬ್ಬಿಣ ಮುಟ್ಟಿಸಿದ್ದು, ಮಗುವನ್ನು ತೆಗೆದದ್ದು, ಗರ್ಭಕೋಶವನ್ನು ಹಿಸುಕಿ ಸಂಕುಚಿತಗೊಳಿಸಿದ್ದು, ಗಾಯದ ಅಂಚುಗಳನ್ನು ಏಳು ನಯವಾದ ಕಬ್ಬಿಣದ ಕಡ್ಡಿಗಳಿಂದ ಕೂಡಿಸಿ ದಾರ ಸುತ್ತಿದ್ದು, ಬೇರುಗಳನ್ನು ಅಗಿದು ಮಾಡಿದ ಲೇಪ ಬಳಿದು ಬಾಳೆಲೆ ಮುಚ್ಚಿದ್ದು ಎಲ್ಲವನ್ನೂ ಅವನು ಬರೆದಿಟ್ಟ. ಕಡ್ಡಿಗಳನ್ನು ಚುಚ್ಚುವವರೆಗೂ ಆಕೆ ಕೂಗಲಿಲ್ಲ ಎಂದು ನಮೂದಿಸಿದ. ಹನ್ನೊಂದನೆಯ ದಿನದ ಹೊತ್ತಿಗೆ ಗಾಯ ಮಾಯ್ದಿತ್ತು. ತಾಯಿ, ಮಗು ಇಬ್ಬರೂ ಉಳಿದಿದ್ದರು. ಫೆಲ್ಕಿನ್ ಇದನ್ನು 1884ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟಿಸಿದ. ಆ ಕಾಲದ ಯುರೋಪಿನಲ್ಲಿ ಸಿಸೇರಿಯನ್ ಎಂದರೆ ತಾಯಿಯ ಆಸೆ ಬಿಟ್ಟ ಮೇಲೆ ಮಾಡುವ ಕೊನೆಯ ಪ್ರಯತ್ನವಾಗಿತ್ತು.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಆ ಮಂಚದ ಸುತ್ತ ನಿಂತವರ ಕಡೆಗೆ. ಕಾಲಿನ ಬಳಿ ಒಬ್ಬ, ಹೊಟ್ಟೆಯ ಬಳಿ ಇಬ್ಬರು. ತಲೆದೆಸೆಯಲ್ಲಿ ಯಾರೂ ಇಲ್ಲ, ಅಲ್ಲಿರುವುದು ಗೋಡೆ. ಇಂದು ಜಗತ್ತಿನ ಯಾವ ಆಪರೇಷನ್ ಥಿಯೇಟರ್‌ಗೆ ಹೋದರೂ ರೋಗಿಯ ತಲೆಯ ಬಳಿ ಒಬ್ಬರು ಕೂತಿರುತ್ತಾರೆ. ಅರಿವಳಿಕೆ ಕೊಟ್ಟವರು ಅವರು. ಉಗಾಂಡದಲ್ಲಿ ಆ ಜಾಗಕ್ಕೆ ಯಾರು ಬಂದರು, ಯಾವ ಔಷಧ ಹಿಡಿದು ಬಂದರು, ಇವತ್ತಿಗೂ ಆ ಜಾಗ ಯಾಕೆ ಅರ್ಧ ಖಾಲಿ ಎನ್ನುವುದೇ ಅಲ್ಲಿನ ಅರಿವಳಿಕೆಯ ಇತಿಹಾಸ.

ಅಮಲು ಬೇರೆ, ಅರಿವಳಿಕೆ ಬೇರೆ

ಬಾಳೆಹಣ್ಣಿನ ಮದ್ಯ ಅರಿವಳಿಕೆ ಅಲ್ಲ. ಆದರೆ ನೋವನ್ನು ಮಂಕು ಮಾಡಿಯೇ ಕುಯ್ಯಬೇಕು ಎಂಬ ತಿಳಿವಳಿಕೆ ಬುನ್ಯೋರೋದ ವೈದ್ಯರಿಗೆ ಇತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ವ್ಯತ್ಯಾಸ ಎಲ್ಲಿದೆ? ಮಲಗಿ ನಿದ್ದೆ ಮಾಡುವವರನ್ನು ಸೂಜಿಯಿಂದ ಚುಚ್ಚಿದರೆ ಎದ್ದು ಕೂರುತ್ತಾರೆ. ಕುಡಿದು ಬಿದ್ದವರೂ ಕೈ ಕೊಸರುತ್ತಾರೆ. ಪೂರ್ಣ ಅರಿವಳಿಕೆಯಲ್ಲಿ ಎಚ್ಚರ ಹೋಗುತ್ತದೆ, ನೋವು ಹೋಗುತ್ತದೆ, ಸ್ನಾಯುಗಳ ಬಿಗಿ ಸಡಿಲುತ್ತದೆ. ಈ ಮೂರೂ ಹೋಗುವಾಗ ಅವುಗಳ ಬೆನ್ನಿಗೇ ಇನ್ನೂ ಕೆಲವು ಹೋಗುತ್ತವೆ. ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಉಸಿರಾಡು ಎಂದು ಮಿದುಳು ಕೊಡುವ ಆಜ್ಞೆ ಕ್ಷೀಣಿಸುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಕೆಮ್ಮಿ ಹೊರಹಾಕುವ ಶಕ್ತಿಯೂ ಇರುವುದಿಲ್ಲ, ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಪ್ರಜ್ಞೆ ತಪ್ಪಿಸುವುದು ಕೆಲಸದ ಸಣ್ಣ ಭಾಗ. ಪ್ರಜ್ಞೆಯಿಲ್ಲದ ದೇಹದ ಉಸಿರನ್ನು ಆಪರೇಷನ್ ಮುಗಿಯುವ ತನಕ ಕಾಯುವುದು ದೊಡ್ಡ ಭಾಗ. ಸಾವುಗಳು ಆಗುವುದು ಈ ಎರಡನೆಯದರಲ್ಲಿ.

ಈಥರ್ ಆವಿಯಿಂದ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ತೋರಿಸಿದ್ದು 1846ರ ಅಕ್ಟೋಬರ್ 16ರಂದು. ಸರಿಯಾಗಿ ಎಂಟು ತಿಂಗಳಿಗೆ, 1847ರ ಜೂನ್ 16ರಂದು, ದಕ್ಷಿಣ ಆಫ್ರಿಕದ ಗ್ರಹಾಮ್ಸ್‌ಟೌನಿನಲ್ಲಿ ವಿಲಿಯಂ ಆ್ಯಥರ್‌ಸ್ಟೋನ್ ಎಂಬ ವೈದ್ಯ ತಾನೇ ಜೋಡಿಸಿಕೊಂಡ ಸಾಧನದಿಂದ ಈಥರ್ ಕೊಟ್ಟು ಒಬ್ಬ ಅಧಿಕಾರಿಯ ಕಾಲು ತೆಗೆದ. ಅಲ್ಲಿ ನೆಲೆಯೂರಿದ ಬಿಳಿಯರಿದ್ದರು, ಹಡಗು ಬರುತ್ತಿತ್ತು, ಪತ್ರಿಕೆಗಳೂ ಬರುತ್ತಿದ್ದವು. ಒಳನಾಡಿನ ಉಗಾಂಡಕ್ಕೆ ಅದೇ ವಿದ್ಯೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಬಂದಾಗ ಅದು ಮಿಷನರಿಗಳ ಪೆಟ್ಟಿಗೆಯಲ್ಲಿ ಬಂತು.

ಬಾಟಲಿ, ಹನಿ, ಬಟ್ಟೆ

1894ರಲ್ಲಿ ಬ್ರಿಟನ್ ಉಗಾಂಡವನ್ನು ತನ್ನ ರಕ್ಷಿತ ಪ್ರದೇಶ ಎಂದು ಘೋಷಿಸಿತು. ಆಲ್ಬರ್ಟ್ ಕುಕ್ ಎಂಬ ವೈದ್ಯ ಮೊಂಬಾಸಾದಿಂದ ಕಾಲ್ನಡಿಗೆಯ ತಂಡದೊಂದಿಗೆ ಹೊರಟು 1897ರಲ್ಲಿ ಕಂಪಾಲಾ ತಲುಪಿದ, ಅದೇ ವರ್ಷ ನಾಮಿರೆಂಬೆ ಗುಡ್ಡದ ಮೇಲೆ ಮೆಂಗೋ ಆಸ್ಪತ್ರೆ ಶುರುವಾಯಿತು. ಜೊತೆಗೆ ಬಂದಿದ್ದ ನರ್ಸ್ ಕ್ಯಾಥರೀನ್ ಟಿಂಪ್ಸನ್ ಮುಂದೆ ಅವನ ಹೆಂಡತಿಯಾದಳು. ಅವನ ಸೋದರ ಜ್ಯಾಕ್ ಕೂಡ ವೈದ್ಯನಾಗಿ ಬಂದು ಸೇರಿಕೊಂಡ. 1901ರ ಕೊನೆಯಲ್ಲಿ ರೈಲುಹಳಿ ವಿಕ್ಟೋರಿಯಾ ಸರೋವರದ ದಡ ಮುಟ್ಟುವ ತನಕ, ಕರಾವಳಿಯಿಂದ ಬರುವ ಪ್ರತಿ ಬಾಟಲಿಯೂ ಯಾರದ್ದೋ ತಲೆಯ ಮೇಲೆ ನೂರಾರು ಮೈಲಿ ಹೊತ್ತು ಬರಬೇಕಿತ್ತು.

ಇಂಥ ಕಡೆ, ಈಥರಿನಂತೆಯೇ ಆವಿಯಿಂದ ಪ್ರಜ್ಞೆ ತಪ್ಪಿಸುವ ಇನ್ನೊಂದು ದ್ರವವಾದ ಕ್ಲೋರೋಫಾರ್ಮ್‌ಗೆ ಬೇಡಿಕೆ ಬಂದದ್ದು ಸಹಜ. ಈಥರ್ ಬಹಳ ಬೇಕು, ಬೆಂಕಿ ಹತ್ತುತ್ತದೆ, ಕುದಿಯುವ ಬಿಂದು ಸುಮಾರು 35 ಡಿಗ್ರಿಯಾದ್ದರಿಂದ ಬಿಸಿಲ ನಾಡಿನಲ್ಲಿ ಬಿರಡೆ ತೆಗೆದರೆ ಹಾರಿಹೋಗುತ್ತದೆ. ಕ್ಲೋರೋಫಾರ್ಮ್ ಕೆಲವೇ ಹನಿ ಸಾಕು. ದೀಪದ ಪಕ್ಕದಲ್ಲೇ ಬಳಸಬಹುದು. ತಂತಿಯ ಚೌಕಟ್ಟಿಗೆ ಜಾಳು ಬಟ್ಟೆ ಹೊದಿಸಿ, ಮೂಗು ಬಾಯಿ ಮುಚ್ಚುವಂತೆ ಇಟ್ಟು, ಹನಿಹನಿಯಾಗಿ ಸುರಿಯುತ್ತ ಹೋದರಾಯಿತು. ಇಷ್ಟೇ ಎನ್ನಿಸುವಷ್ಟು ಸುಲಭ.

ಆ ಸುಲಭದಲ್ಲೇ ಅಪಾಯ ಅಡಗಿತ್ತು. ಬಳಕೆಗೆ ಬಂದ ಕೆಲವೇ ವಾರಗಳಲ್ಲಿ, 1848ರ ಜನವರಿಯಲ್ಲಿ, ಇಂಗ್ಲೆಂಡಿನ ಹದಿನೈದು ವರ್ಷದ ಹಾನಾ ಗ್ರೀನರ್ ಕಾಲಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಪಡೆದು ಸತ್ತಿದ್ದಳು. ಕ್ಲೋರೋಫಾರ್ಮ್ ಮೊದಲು ಉಸಿರನ್ನು ನಿಲ್ಲಿಸುತ್ತದೆಯೋ, ಹೃದಯವನ್ನೋ? ಈ ಪ್ರಶ್ನೆಗೆ ಉತ್ತರ ಹುಡುಕಲು ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕೂತವು. ನಮ್ಮ ಬೀದರ, ಕಲಬುರಗಿ, ರಾಯಚೂರು ಆಗ ಸೇರಿದ್ದದ್ದು ಅದೇ ರಾಜ್ಯಕ್ಕೆ. ಎಡ್ವರ್ಡ್ ಲಾರಿ ಎಂಬ ವೈದ್ಯನ ಮುಂದಾಳತ್ವದ ಆ ಆಯೋಗಗಳು, ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದವು. ಅದು ತಪ್ಪು. 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದಂತೆ, ಅರಿವಳಿಕೆ ಇನ್ನೂ ಹಗುರವಾಗಿರುವಾಗಲೇ ಕ್ಲೋರೋಫಾರ್ಮ್ ಹೃದಯದ ಲಯ ಕೆಡಿಸಿ ಅದನ್ನು ಒಮ್ಮೆಲೇ ನಿಲ್ಲಿಸಬಲ್ಲದು. ಆದರೂ ಉಸಿರು ನೋಡಿಕೊಂಡರೆ ಸಾಕು ಎಂಬ ಧೈರ್ಯ ಸಾಮ್ರಾಜ್ಯದ ಮೂಲೆಮೂಲೆಗೂ ಹಬ್ಬಿ ಆಗಿತ್ತು.

ಮತ್ತೆ, ಹನಿ ಹಾಕುವ ಕೈ ಯಾರದು? ಮಿಷನ್ ಆಸ್ಪತ್ರೆ ಎಂದರೆ ಒಬ್ಬರೋ ಇಬ್ಬರೋ ವೈದ್ಯರು. ಅವರ ಕೈಯಲ್ಲಿ ಚಾಕು ಇರುತ್ತಿತ್ತು. ಹನಿ ಹಾಕುವುದು ನರ್ಸ್, ಇಲ್ಲವೇ ನೋಡಿ ಕಲಿತ ಸಹಾಯಕ. ಈ ಏರ್ಪಾಡು ಬ್ರಿಟನ್ನಿನಲ್ಲೂ ಆಗ ಅಪರೂಪವಾಗಿರಲಿಲ್ಲ. ಆದರೆ ಅಲ್ಲಿ ಕಾಲಕ್ರಮದಲ್ಲಿ ಅರಿವಳಿಕೆ ವೈದ್ಯರದೇ ಒಂದು ವಿಶೇಷ ಶಾಖೆಯಾಗಿ ಬೆಳೆಯಿತು. ವಸಾಹತಿನಲ್ಲಿ ಅದು ಸಹಾಯಕನ ಕೆಲಸವಾಗಿಯೇ ಉಳಿಯಿತು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನ ನೂರು ವರ್ಷದ ಬಹುಪಾಲು ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

ಇದೇ ಹೊತ್ತಿನಲ್ಲಿ ಬುನ್ಯೋರೋ ರಾಜ್ಯಕ್ಕೆ ಏನಾಯಿತು ಎನ್ನುವುದನ್ನೂ ಹೇಳಬೇಕು. ಅಲ್ಲಿನ ಅರಸ ಕಬಲೇಗ ಬ್ರಿಟಿಷರ ವಿರುದ್ಧ ವರ್ಷಗಟ್ಟಲೆ ಕಾದಾಡಿ 1899ರಲ್ಲಿ ಸೆರೆಸಿಕ್ಕ. ಯುದ್ಧ, ಹಸಿವು, ರೋಗಗಳಿಂದ ನಾಡು ಹಾಳಾಯಿತು. ಫೆಲ್ಕಿನ್ ಕಂಡ ಆ ಕೈಚಳಕ ಯಾರಿಂದ ಯಾರಿಗೆ ಬಂದಿತ್ತೋ, ಅದನ್ನು ಕೇಳಿ ಬರೆದಿಟ್ಟುಕೊಳ್ಳುವವರು ಬರಲಿಲ್ಲ. ಹೊಸ ಆಡಳಿತಕ್ಕೆ ಅದು ಕಲಿಯಬೇಕಾದ ವಿದ್ಯೆಯಾಗಿ ಕಾಣಲಿಲ್ಲ.

ತಿದಿ ಮತ್ತು ಡಬ್ಬಿ

1913ರಲ್ಲಿ ಲೈಂಗಿಕ ರೋಗಗಳ ಚಿಕಿತ್ಸಾಲಯವಾಗಿ ಶುರುವಾದ ಮುಲಾಗೋ, ನಿಧಾನಕ್ಕೆ ದೇಶದ ದೊಡ್ಡ ಆಸ್ಪತ್ರೆಯಾಯಿತು. 1924ರಲ್ಲಿ ಕಂಪಾಲಾದ ಮಕೆರೆರೆ ಕಾಲೇಜಿನಲ್ಲಿ ವೈದ್ಯಕೀಯ ತರಬೇತಿ ಆರಂಭವಾಯಿತು. ಅಲ್ಲಿ ಕಲಿತ ಆಫ್ರಿಕನ್ನರನ್ನು ದಶಕಗಳ ಕಾಲ ಸಹಾಯಕ ಅಧಿಕಾರಿಗಳೆಂದೇ ಪರಿಗಣಿಸಲಾಯಿತು. ಅವರ ಅರ್ಹತೆಯನ್ನು ಬ್ರಿಟನ್ನಿನ ವೈದ್ಯಕೀಯ ಪರಿಷತ್ತು ಪೂರ್ತಿ ಮಾನ್ಯ ಮಾಡಿದ್ದು 1957ರಲ್ಲಿ. ವೈದ್ಯನಾದರೂ ಸಹಾಯಕನೇ ಎನ್ನುವ ವ್ಯವಸ್ಥೆಯಲ್ಲಿ, ಸಹಾಯಕನ ಕೆಲಸ ಎನಿಸಿಕೊಂಡಿದ್ದ ಅರಿವಳಿಕೆಯನ್ನು ಯಾರು ಆರಿಸಿಕೊಳ್ಳುತ್ತಾರೆ?

ಈ ನಡುವೆ ಇಂಗ್ಲೆಂಡಿನಲ್ಲಿ ಆದ ಒಂದು ಕೆಲಸ ಆಫ್ರಿಕದ ಪಾಲಿಗೆ ದೊಡ್ಡದಾಯಿತು. ನ್ಯೂಜಿಲೆಂಡ್ ಮೂಲದ ರಾಬರ್ಟ್ ಮ್ಯಾಕಿಂಟೋಷ್ ಆಕ್ಸ್‌ಫರ್ಡಿನ ಮೊದಲ ಅರಿವಳಿಕೆ ಪ್ರಾಧ್ಯಾಪಕ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಗೆ ಹೋಗಿ, ಸಿಲಿಂಡರುಗಳೂ ಯಂತ್ರಗಳೂ ಇಲ್ಲದ ಕಡೆ ಬರೀ ತೂತು ಕೊರೆದ ಡಬ್ಬಿಯೊಂದರಲ್ಲಿ ಈಥರ್ ಹಾಕಿ ಅರಿವಳಿಕೆ ಕೊಡಬೇಕಾಗಿ ಬಂದಿತ್ತು. ಯುದ್ಧಭೂಮಿಯಲ್ಲಿ, ದೂರದ ಊರುಗಳಲ್ಲಿ ನಡೆಯುವಂಥ ಸಾಧನ ಬೇಕು ಎಂಬ ಹಟ ಅಲ್ಲಿಂದ ಹುಟ್ಟಿತು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಭೌತವಿಜ್ಞಾನಿ ಹಾನ್ಸ್ ಎಪ್‌ಸ್ಟೀನ್ ಜೊತೆ ಸೇರಿ 1950ರ ದಶಕದಲ್ಲಿ ಅವರು ರೂಪಿಸಿದ್ದೇ ಇ.ಎಂ.ಓ. ಎಪ್‌ಸ್ಟೀನ್, ಮ್ಯಾಕಿಂಟೋಷ್, ಆಕ್ಸ್‌ಫರ್ಡ್, ಈ ಮೂರು ಹೆಸರುಗಳ ಮೊದಲಕ್ಷರ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ನಿಂತು ನೋಡೋಣ. ಶ್ರೀಮಂತ ಆಸ್ಪತ್ರೆಯ ಯಂತ್ರದಲ್ಲಿ ಸಿಲಿಂಡರ್ ಅಥವಾ ಪೈಪಿನಿಂದ ಒತ್ತಡದಲ್ಲಿ ಬರುವ ಅನಿಲ, ಔಷಧದ ಆವಿಯನ್ನು ರೋಗಿಯ ಕಡೆಗೆ ತಳ್ಳುತ್ತದೆ. ಸಿಲಿಂಡರ್ ಮುಗಿಯಿತೋ, ಯಂತ್ರ ನಿಂತಿತು. ಇ.ಎಂ.ಓ.ದಲ್ಲಿ ತಳ್ಳುವವರಿಲ್ಲ. ರೋಗಿಯ ಉಸಿರೇ ಎಳೆದುಕೊಳ್ಳುತ್ತದೆ. ದುಂಡನೆಯ ಲೋಹದ ಪಾತ್ರೆಯೊಳಗೆ ಈಥರ್ ಇದೆ. ರೋಗಿ ಉಸಿರು ಎಳೆದಾಗ ಕೋಣೆಯ ಗಾಳಿ ಆ ಈಥರಿನ ಮೇಲೆ ಹಾದು, ಆವಿಯನ್ನು ಹೊತ್ತು, ಕೊಳವೆಯ ಮೂಲಕ ಮುಖಕ್ಕೆ ಬರುತ್ತದೆ. ಮೇಲಿನ ಸನ್ನೆಯನ್ನು ಆಚೀಚೆ ಸರಿಸಿದರೆ ಆವಿಯ ಪ್ರಮಾಣ ಹೆಚ್ಚು ಕಡಿಮೆ ಆಗುತ್ತದೆ. ವಿದ್ಯುತ್ ಬೇಡ. ಸಿಲಿಂಡರ್ ಇಲ್ಲದಿದ್ದರೂ ನಡೆಯುತ್ತದೆ.

ತೊಡಕು ಒಂದಿದೆ. ದ್ರವ ಆವಿಯಾಗುವಾಗ ತಣ್ಣಗಾಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದು ಇದೇ ಕಾರಣಕ್ಕೆ. ಈಥರ್ ತಣ್ಣಗಾದಷ್ಟೂ ಆವಿ ಕಡಿಮೆ, ಆಪರೇಷನ್ ನಡುವೆ ರೋಗಿಗೆ ಎಚ್ಚರವಾಗುವ ಅಪಾಯ. ಹೊರಗೆ ಬಿಸಿಲೇರಿದರೆ ಆವಿ ಹೆಚ್ಚು, ಆಗ ಬೇರೆ ಬಗೆಯ ಅಪಾಯ. ಇದಕ್ಕೆ ಎಪ್‌ಸ್ಟೀನ್ ಕಂಡುಕೊಂಡ ಉಪಾಯ, ಈಥರಿನ ಸುತ್ತ ನೀರಿನ ಹೊದಿಕೆ. ಬೇಕಾದ ಶಾಖವನ್ನು ನೀರು ಕೊಡುತ್ತದೆ. ಜೊತೆಗೆ ಉಷ್ಣತೆಗೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗುವ ಕವಾಟ ಒಂದು. ರೋಗಿಯ ಉಸಿರು ಸಾಲದಾದರೆ ಕೊಳವೆಯ ನಡುವೆ ಒಂದು ಕೈತಿದಿ. ಕುಲುಮೆಯ ತಿದಿಯ ಹಾಗೆ ಎತ್ತಿ ಇಳಿಸಿದರೆ ಗಾಳಿ ಶ್ವಾಸಕೋಶಕ್ಕೆ ಹೋಗುತ್ತದೆ.

ಈಥರಿಗೂ ಒಂದು ಒಳ್ಳೆಯ ಗುಣ ಇತ್ತು. ಅದು ನಿಧಾನ. ವಾಸನೆ ಘಾಟು, ಎದ್ದ ಮೇಲೆ ವಾಂತಿ. ಆದರೆ ಹಗುರವಾದ ಅರಿವಳಿಕೆಯಲ್ಲಿ ಅದು ಉಸಿರನ್ನು ಅಡಗಿಸುವುದಿಲ್ಲ, ಪ್ರಚೋದಿಸುತ್ತದೆ. ರಕ್ತದೊತ್ತಡವನ್ನೂ ಬೇಗ ಬೀಳಿಸುವುದಿಲ್ಲ. ಕ್ಲೋರೋಫಾರ್ಮ್ ಒಂದು ತಪ್ಪಿಗೆ ಪ್ರಾಣ ತೆಗೆದುಕೊಂಡರೆ, ಈಥರ್ ತಪ್ಪು ತಿದ್ದಿಕೊಳ್ಳಲು ಹೊತ್ತು ಕೊಡುತ್ತದೆ. ಒಬ್ಬಂಟಿಯಾಗಿ, ಯಂತ್ರಗಳ ನೆರವಿಲ್ಲದೆ ಕೂತ ಸಹಾಯಕನಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಇರಲಿಲ್ಲ. ಪೂರ್ವ ಆಫ್ರಿಕದ ಆಸ್ಪತ್ರೆಗಳಲ್ಲಿ, ಉಗಾಂಡದಲ್ಲೂ, ಇ.ಎಂ.ಓ. ದಶಕಗಳ ಕಾಲ ಉಳಿಯಿತು. ಶ್ರೀಮಂತ ದೇಶಗಳು ಈಥರನ್ನು ಬಿಟ್ಟದ್ದು ಅದರ ಬೆಂಕಿಯ ಭಯಕ್ಕೆ. ವಿದ್ಯುತ್ತಿನಿಂದ ರಕ್ತನಾಳ ಸುಟ್ಟು ಮುಚ್ಚುವ ಉಪಕರಣ ಇರುವ ಕಡೆ ಈಥರ್ ಇಡುವ ಹಾಗಿಲ್ಲ. 1956ರಿಂದ ಬೆಂಕಿ ಹತ್ತದ ಹ್ಯಾಲೊಥೇನ್ ಬಂತು. ಕೊಳ್ಳುವ ಶ್ರೀಮಂತರಿಲ್ಲದ ಔಷಧವನ್ನು ತಯಾರಿಸುವವರೂ ಕಡಿಮೆಯಾದರು. ಬಡ ದೇಶಕ್ಕೆ ಹೊಂದುವ ಔಷಧ, ಬಡ ದೇಶ ಬೇಡವೆಂದಿದ್ದಕ್ಕಲ್ಲ, ಶ್ರೀಮಂತ ದೇಶ ಬೇಡವೆಂದಿದ್ದಕ್ಕೆ ಮಾರುಕಟ್ಟೆಯಿಂದ ಮರೆಯಾಗುತ್ತ ಹೋಯಿತು. ಇದು ನನಗೆ ಇವತ್ತಿಗೂ ನೋವು ತರುವ ಸಂಗತಿ.

ಹೊಸ ಕಟ್ಟಡ, ಖಾಲಿ ಕುರ್ಚಿ

1962ರ ಅಕ್ಟೋಬರ್ 9ರಂದು ಉಗಾಂಡ ಸ್ವತಂತ್ರವಾಯಿತು. ಅದೇ ವರ್ಷ ಹೊಸ ಮುಲಾಗೋ ಆಸ್ಪತ್ರೆ ತೆರೆಯಿತು. ಮಕ್ಕಳ ದವಡೆಯಲ್ಲಿ ಬೆಳೆಯುವ ಗಡ್ಡೆಯನ್ನು ಗುರುತಿಸಿ ಹೆಸರಾದ ಡೆನಿಸ್ ಬರ್ಕಿಟ್‌ನಂಥ ಶಸ್ತ್ರವೈದ್ಯರು ಅಲ್ಲಿದ್ದರು. ಮಕೆರೆರೆ ಆ ಕಾಲಕ್ಕೆ ಆಫ್ರಿಕದ ಹೆಮ್ಮೆಯ ವೈದ್ಯಕೀಯ ಶಾಲೆಗಳಲ್ಲಿ ಒಂದು. ತಜ್ಞರ ತಲೆಮಾರೊಂದು ಸ್ಥಳೀಯವಾಗಿ ತಯಾರಾಗುವ ಹೊತ್ತು ಅದು.

1971ರ ಜನವರಿಯಲ್ಲಿ ಇದಿ ಅಮೀನ್ ಅಧಿಕಾರ ಕಸಿದುಕೊಂಡ. 1972ರ ಆಗಸ್ಟಿನಲ್ಲಿ ಏಷ್ಯನ್ನರು ತೊಂಬತ್ತು ದಿನದಲ್ಲಿ ದೇಶ ಬಿಡಬೇಕು ಎಂದ. ಹೋದವರು ಬರೀ ಅಂಗಡಿಯವರಲ್ಲ. ವೈದ್ಯರು, ಔಷಧ ವ್ಯಾಪಾರಿಗಳು, ತಂತ್ರಜ್ಞರು ಹೋದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಇಯಾನ್ ಮ್ಯಾಕಾಡಮ್ ಅವರಂಥ ಬ್ರಿಟಿಷ್ ಶಿಕ್ಷಕರನ್ನೂ ಹೊರಹಾಕಲಾಯಿತು. ಜೀವಭಯದಿಂದ ಉಗಾಂಡದವರೇ ಆದ ಎಷ್ಟೋ ವೈದ್ಯರು ದೇಶ ಬಿಟ್ಟರು. 1979ರಲ್ಲಿ ಅಮೀನ್ ಓಡಿಹೋದ ಮೇಲೂ 1986ರ ತನಕ ಅಂತರ್ಯುದ್ಧ.

ಆಸ್ಪತ್ರೆಯೊಂದರಲ್ಲಿ ತಜ್ಞರೆಲ್ಲ ಹೋದಾಗ ಯಾವುದು ಮೊದಲು ನಿಲ್ಲಬೇಕು? ಲೆಕ್ಕದ ಪ್ರಕಾರ ಶಸ್ತ್ರಚಿಕಿತ್ಸೆ. ಅದು ನಿಲ್ಲಲಿಲ್ಲ, ಏಕೆಂದರೆ ತಲೆದೆಸೆಯ ಕುರ್ಚಿಯಲ್ಲಿ ಕೂರುತ್ತಿದ್ದವರು ಹೆಚ್ಚಾಗಿ ಆ ತಜ್ಞರ ಪಟ್ಟಿಯಲ್ಲೇ ಇರಲಿಲ್ಲ. ಅವರನ್ನು ಉಗಾಂಡದಲ್ಲಿ ಅನಸ್ಥೆಟಿಕ್ ಆಫೀಸರ್ ಎನ್ನುತ್ತಾರೆ. ಎಂಬಿಬಿಎಸ್ ಮಾಡಿದವರಲ್ಲ. ನರ್ಸ್ ಆಗಿ, ಅಥವಾ ವೈದ್ಯ ಪದವಿ ಇಲ್ಲದೆಯೂ ರೋಗಿಗಳನ್ನು ನೋಡುವ ಕ್ಲಿನಿಕಲ್ ಆಫೀಸರ್ ಆಗಿ ಕೆಲಸ ಮಾಡಿ, ಅರಿವಳಿಕೆಯಲ್ಲಿ ಪ್ರತ್ಯೇಕ ತರಬೇತಿ ಪಡೆದವರು. ಅವರ ಬದುಕು ಊರಲ್ಲೇ ಇತ್ತು, ಲಂಡನ್ನಿನ ಆಸ್ಪತ್ರೆಗಳು ಅವರಿಗೆ ಕೆಲಸ ಕೊಡುವಂತಿರಲಿಲ್ಲ. ವಸಾಹತಿನ ತಾರತಮ್ಯದಿಂದ ಹುಟ್ಟಿದ ಒಂದು ಹುದ್ದೆ, ಆ ದೇಶದ ಕೆಟ್ಟ ಕಾಲದಲ್ಲಿ ಹೆರಿಗೆಗೆ ಬಂದ ಹೆಂಗಸರ ಕೈಹಿಡಿಯಿತು. ಇವತ್ತಿಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಬಹುಪಾಲು ಅರಿವಳಿಕೆ ಕೊಡುವವರು ಇವರೇ.

ಇದು ನಮಗೆ ತೀರ ದೂರದ ಮಾತಲ್ಲ. ಅರಿವಳಿಕೆ ತಜ್ಞರಿಲ್ಲ, ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂಬ ಚೀಟಿ ಹಿಡಿದು ತಾಲ್ಲೂಕು ಆಸ್ಪತ್ರೆಯಿಂದ ಆಂಬುಲೆನ್ಸ್ ಹತ್ತಿದ ಬಸುರಿಯರು ನಮ್ಮಲ್ಲೂ ಇದ್ದಾರೆ. ಭಾರತ ಇದಕ್ಕೆ ಕಂಡುಕೊಂಡ ದಾರಿ, ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳ ಜೀವರಕ್ಷಕ ಅರಿವಳಿಕೆ ತರಬೇತಿ. ಇಲ್ಲಿ ವೈದ್ಯರಲ್ಲದವರಿಗೆ ಆ ಕುರ್ಚಿ ಬಿಟ್ಟುಕೊಟ್ಟಿಲ್ಲ. ಉಗಾಂಡಕ್ಕೆ ಬಿಟ್ಟುಕೊಡದೆ ಬೇರೆ ದಾರಿ ಇರಲಿಲ್ಲ.

ನೂರಕ್ಕೆ ಆರು

2006ರ ಸುಮಾರಿಗೆ ಉಗಾಂಡದ ಜನಸಂಖ್ಯೆ 2.7 ಕೋಟಿ. ಅರಿವಳಿಕೆಯಲ್ಲಿ ತಜ್ಞ ಪದವಿ ಪಡೆದ ವೈದ್ಯರು 13. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 12,000. ಆಗ ನಡೆದ, 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 97 ಅರಿವಳಿಕೆ ಕಾರ್ಯಕರ್ತರನ್ನು ನೇರ ಪ್ರಶ್ನೆ ಕೇಳಿತು. ನಿಮ್ಮ ಆಸ್ಪತ್ರೆಯಲ್ಲಿ ಸುರಕ್ಷಿತ ಅರಿವಳಿಕೆಗೆ ಬೇಕಾದದ್ದೆಲ್ಲ ಇದೆಯೇ? ದೊಡ್ಡವರಿಗೆ ಸುರಕ್ಷಿತವಾಗಿ ಕೊಡಬಲ್ಲ ಅನುಕೂಲ ಇದ್ದದ್ದು ಶೇ. 23 ಮಂದಿಗೆ. ಸಣ್ಣ ಮಕ್ಕಳಿಗೆ ಕೊಡಲು ಶೇ. 13. ಸಿಸೇರಿಯನ್‌ಗೆ ಶೇ. 6.

ಸಿಸೇರಿಯನ್‌ನ ಸಂಖ್ಯೆ ಎಲ್ಲಕ್ಕಿಂತ ಕಡಿಮೆ ಯಾಕೆ? ಅತಿ ಹೆಚ್ಚು ಮಾಡಬೇಕಾದ ಆಪರೇಷನ್ ಅದೇ ಅಲ್ಲವೇ? ಬಸುರಿಯ ದೇಹದಲ್ಲಿ ಎಲ್ಲವೂ ಸ್ವಲ್ಪ ಹೆಚ್ಚು ಕಷ್ಟ. ಗಂಟಲು ಊದಿಕೊಂಡಿರುತ್ತದೆ, ಉಸಿರಿನ ಕೊಳವೆ ಹಾಕುವುದು ಕಷ್ಟ. ಹೊಟ್ಟೆಯ ಒತ್ತಡದಿಂದ ತಿಂದದ್ದು ಮೇಲೆ ಬರುತ್ತದೆ. ಉಸಿರು ನಿಂತರೆ ರಕ್ತದ ಆಮ್ಲಜನಕ ಬೇರೆಯವರಿಗಿಂತ ಬೇಗ ಇಳಿಯುತ್ತದೆ. ಅಂಗಾತ ಮಲಗಿಸಿದರೆ ತುಂಬು ಗರ್ಭ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ಒಂದು ಬದಿಗೆ ಓರೆ ಮಾಡಬೇಕು. ಹಾಗಾಗಿ ಓರೆಯಾಗುವ ಮೇಜು, ಬಾಯಿಯಲ್ಲಿ ಬಂದದ್ದನ್ನು ಹೀರುವ ಯಂತ್ರ, ಸಣ್ಣ ಕೊಳವೆಗಳು, ಆಮ್ಲಜನಕ, ರಕ್ತ ಎಲ್ಲವೂ ಒಟ್ಟಿಗೇ ಬೇಕು. ಪಟ್ಟಿಯಲ್ಲಿ ಒಂದು ಇಲ್ಲದಿದ್ದರೂ ಸುರಕ್ಷಿತ ಎಂದು ಹೇಳುವ ಹಾಗಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದರೆ ಈ ಕಷ್ಟಗಳಲ್ಲಿ ಅರ್ಧ ತಪ್ಪುತ್ತವೆ. ತಾಯಿ ಎಚ್ಚರವಾಗಿದ್ದು ತಾನೇ ಉಸಿರಾಡುತ್ತಾಳೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ತೋರಿಸಿದ ವಿಧಾನವಿದು. ಬೇಕಾದದ್ದು ಒಂದು ತೆಳು ಸೂಜಿ, ಒಂದು ಚಿಕ್ಕ ಆಂಪೂಲ್ ಔಷಧ, ಬಿದ್ದ ರಕ್ತದೊತ್ತಡವನ್ನು ಎತ್ತುವ ಇನ್ನೊಂದು ಔಷಧ. ಆಫ್ರಿಕದ್ದೇ ಇನ್ನೊಂದು ದೇಶವಾದ ಮಲಾವಿಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರರಲ್ಲಿ ಒಬ್ಬ ತಾಯಿ ಸತ್ತಿದ್ದಳು, ಬೆನ್ನಿನ ಅರಿವಳಿಕೆ ಪಡೆದವರಲ್ಲಿ ಸಾವು ಕಡಿಮೆ ಇತ್ತು. ಆದರೆ ಈಗಾಗಲೇ ವಿಪರೀತ ರಕ್ತ ಹೋಗಿರುವ ತಾಯಿಗೆ ಬೆನ್ನಿನ ಇಂಜೆಕ್ಷನ್ ಕೊಡುವ ಹಾಗಿಲ್ಲ, ರಕ್ತದೊತ್ತಡ ಪೂರ್ತಿ ಕುಸಿಯುತ್ತದೆ.

ಅಂಥ ಹೊತ್ತಿಗೆ ಕೆಟಮಿನ್. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಈ ಔಷಧವನ್ನು ರಕ್ತನಾಳಕ್ಕೆ ಕೊಡಬಹುದು, ಮಾಂಸಖಂಡಕ್ಕೂ ಕೊಡಬಹುದು. ನೋವು ಹೋಗುತ್ತದೆ, ರೋಗಿ ಲೋಕದಿಂದ ಬೇರ್ಪಟ್ಟಂತಾಗುತ್ತಾನೆ. ಕಣ್ಣು ತೆರೆದೇ ಇರಬಹುದು, ಆದರೆ ಕಾಣುತ್ತಿರುವುದಿಲ್ಲ. ಸಾಮಾನ್ಯವಾಗಿ ಉಸಿರು ನಡೆದೇ ಇರುತ್ತದೆ, ರಕ್ತದೊತ್ತಡ ಉಳಿಯುತ್ತದೆ. ಎಚ್ಚರವಾಗುವಾಗ ವಿಚಿತ್ರ ಕನಸುಗಳು ಬಂದು ಕೆಲವರು ಬೆದರಿ ಕೂಗುತ್ತಾರೆ. ಯಂತ್ರವೇ ಬೇಡದ ಈ ಔಷಧ ಆಫ್ರಿಕದ ಹಳ್ಳಿಯ ಆಸ್ಪತ್ರೆಗಳಲ್ಲಿ ಈಥರಿನ ಜಾಗ ತುಂಬಿತು. 2015ರಲ್ಲಿ ಚೀನಾ, ಮಾದಕ ದ್ರವ್ಯವಾಗಿ ಇದರ ದುರ್ಬಳಕೆ ಆಗುತ್ತಿದೆ ಎಂದು ವಿಶ್ವಸಂಸ್ಥೆಯ ಆಯೋಗದ ಮುಂದೆ ಅಂತರರಾಷ್ಟ್ರೀಯ ನಿಯಂತ್ರಣದ ಪ್ರಸ್ತಾಪ ಇಟ್ಟಿತು. ಅದು ಜಾರಿಯಾಗಿದ್ದರೆ ಪರವಾನಗಿ, ಆಮದು, ಕಾಗದಪತ್ರಗಳ ಸುತ್ತಿನಲ್ಲಿ ಹಳ್ಳಿಯ ಕಪಾಟು ಖಾಲಿಯಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಬೇಡವೆಂದರು, ಪ್ರಸ್ತಾಪ ನಿಂತಿತು. ತಮ್ಮ ಬಳಿ ಹತ್ತು ಬೇರೆ ಔಷಧಗಳಿರುವವರಿಗೆ ಒಂದನ್ನು ಬಿಗಿ ಮಾಡುವುದು ಸಣ್ಣ ಮಾತಾಗಿ ಕಾಣುತ್ತದೆ.

ಬೆರಳಿಗೆ ಕಚ್ಚಿದ ಒಂದು ಚಿಮಟ

ಔಷಧ ಸಿಕ್ಕಿತು, ಕೂರುವವರಿದ್ದಾರೆ. ರೋಗಿಯ ಉಸಿರು ಸರಿಯಿದೆಯೆಂದು ತಿಳಿಯುವುದು ಹೇಗೆ? ಬಹುಕಾಲ ತುಟಿಯ ಬಣ್ಣ, ನಾಡಿಯ ಮೇಲಿಟ್ಟ ಬೆರಳು, ಎದೆಯ ಏರಿಳಿತ, ಇಷ್ಟೇ. ತುಟಿ ನೀಲಿಯಾಗುವುದು ಕಂಡಾಗ ತಡವಾಗಿರುತ್ತದೆ, ರಕ್ತ ಕಡಿಮೆ ಇರುವವರಲ್ಲಿ ನೀಲಿ ಕಾಣುವುದೇ ಕಷ್ಟ. ಜಪಾನಿನ ತಕುವೊ ಅಯೋಯಾಗಿ 1970ರ ದಶಕದಲ್ಲಿ ಕಂಡುಹಿಡಿದ ಪಲ್ಸ್ ಆಕ್ಸಿಮೀಟರ್ ತತ್ತ್ವ ಇದನ್ನು ಬದಲಿಸಿತು. ಬೆರಳಿನ ಒಂದು ಬದಿಯಿಂದ ಕೆಂಪು ಬೆಳಕು, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಈ ಎರಡನ್ನೂ ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ಅದನ್ನು ಅಳೆದರೆ ರಕ್ತದಲ್ಲಿ ಆಮ್ಲಜನಕ ಎಷ್ಟು ಎಂದು ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಯಲ್ಲೂ ಇದ್ದ ಆ ಚಿಮಟವೇ. ಥಿಯೇಟರಿನಲ್ಲಿ ಅದರ ಶಬ್ದ ಮುಖ್ಯ. ಆಮ್ಲಜನಕ ಇಳಿದಂತೆ ಬೀಪ್‌ನ ಸ್ವರವೂ ಕೆಳಗಿಳಿಯುತ್ತದೆ. ಸೂಜಿ ಹುಡುಕುತ್ತ ಬೆನ್ನು ತಿರುಗಿಸಿದವರಿಗೂ ಕಿವಿಯಿಂದಲೇ ಗೊತ್ತಾಗುತ್ತದೆ.

ಶ್ರೀಮಂತ ದೇಶಗಳಲ್ಲಿ 1980ರ ದಶಕದ ಹೊತ್ತಿಗೇ ರೂಢಿಯಾದ ಈ ಸಾಧನ, ಆಫ್ರಿಕದ ಸಾವಿರಾರು ಥಿಯೇಟರುಗಳಲ್ಲಿ ಇಪ್ಪತ್ತೊಂದನೇ ಶತಮಾನದಲ್ಲೂ ಇರಲಿಲ್ಲ. ಕಡಿಮೆ ಬೆಲೆಯ, ಗಟ್ಟಿಮುಟ್ಟಾದ ಆಕ್ಸಿಮೀಟರ್‌ಗಳನ್ನು ತಲುಪಿಸಲೆಂದೇ 2011ರಲ್ಲಿ ಲೈಫ್‌ಬಾಕ್ಸ್ ಎಂಬ ಸಂಸ್ಥೆ ಹುಟ್ಟಿತು. ಅದು ಕೆಲಸ ಮಾಡಿದ ಮೊದಮೊದಲ ದೇಶಗಳಲ್ಲಿ ಉಗಾಂಡವೂ ಒಂದು. ಸಾಧನದ ಜೊತೆ ತರಬೇತಿಯನ್ನೂ ಕೊಟ್ಟದ್ದು ಅದರ ಜಾಣತನ. ಏಕೆಂದರೆ ಆಫ್ರಿಕದ ಆಸ್ಪತ್ರೆಗಳ ಹಿಂದಿನ ಕೋಣೆಗಳಲ್ಲಿ ದಾನವಾಗಿ ಬಂದ ಯಂತ್ರಗಳು ಧೂಳು ತಿನ್ನುತ್ತಿವೆ. ಸ್ಥಿರವಾದ ವಿದ್ಯುತ್ತು, ಪೈಪಿನ ಆಮ್ಲಜನಕ, ದುರಸ್ತಿಗೆ ಎಂಜಿನಿಯರ್ ಇರುವ ಕಡೆಗೆ ಮಾಡಿದ ಯಂತ್ರ, ಈ ಮೂರೂ ಇಲ್ಲದ ಕಡೆ ಬರೀ ಕಬ್ಬಿಣ. ಮಲಾವಿಯಲ್ಲಿ ಬಹುಕಾಲ ದುಡಿದ ಪಾಲ್ ಫೆಂಟನ್ ಎಂಬ ವೈದ್ಯರು, ಇ.ಎಂ.ಓ.ದ ಹಳೆಯ ತತ್ತ್ವವನ್ನೇ ಎತ್ತಿಕೊಂಡು, ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಸಾಧನವನ್ನು ಅದಕ್ಕೆ ಜೋಡಿಸಿ, ಕರೆಂಟು ಹೋದರೆ ಕೋಣೆಯ ಗಾಳಿಯಿಂದಲೇ ಮುಂದುವರಿಯುವ ಹೊಸ ಯಂತ್ರ ರೂಪಿಸಿದರು. ಊರನ್ನು ನೋಡಿ ಮಾಡಿದ ಯಂತ್ರ ಎಂದರೆ ಅದು.

ಇತ್ತ ಮಕೆರೆರೆ ಮತ್ತು 1989ರಲ್ಲಿ ಹುಟ್ಟಿದ ಎಂಬರಾರಾ ವಿಶ್ವವಿದ್ಯಾಲಯಗಳಲ್ಲಿ ಅರಿವಳಿಕೆಯ ಸ್ನಾತಕೋತ್ತರ ತರಬೇತಿ ನಡೆಯುತ್ತಿದೆ. ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ ಉಗಾಂಡದ ವಿದ್ಯಾರ್ಥಿಗಳ ಶುಲ್ಕ ಭರಿಸುವ ಯೋಜನೆ ನಡೆಸಿತು. ಶುಲ್ಕ ಕಟ್ಟಲಾರದ್ದೇ ಎಷ್ಟೋ ವೈದ್ಯರು ಈ ಕಡೆ ಬಾರದಿರಲು ಒಂದು ಕಾರಣವಾಗಿತ್ತು. ಹದಿಮೂರಿದ್ದವರು ಹೆಚ್ಚಾಗಿದ್ದಾರೆ. ಆದರೆ ಲಕ್ಷ ಜನಕ್ಕೆ ಐದು ತಜ್ಞರಾದರೂ ಬೇಕು ಎಂಬುದು ಅರಿವಳಿಕೆ ತಜ್ಞರ ವಿಶ್ವ ಒಕ್ಕೂಟದ ಲೆಕ್ಕ, ಉಗಾಂಡದಲ್ಲಿ ಲಕ್ಷಕ್ಕೆ ಒಬ್ಬರೂ ಇಲ್ಲ. 2024ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ನಾಲ್ಕೂವರೆ ಕೋಟಿ ದಾಟಿದೆ.

ಬುನ್ಯೋರೋದ ಈಗಿನ ಮುಖ್ಯ ಪಟ್ಟಣ ಹೊಯ್ಮಾ. ಅಲ್ಲೊಂದು ಪ್ರಾದೇಶಿಕ ಸರ್ಕಾರಿ ಆಸ್ಪತ್ರೆ ಇದೆ. ಕಹುರಾದ ಗುಡಿಸಲಿನಲ್ಲಿದ್ದವಳ ಸೀಮೆಯ ಹೆಂಗಸರು ಕಷ್ಟದ ಹೆರಿಗೆಗೆ ಈಗ ಬರುವುದು ಅಲ್ಲಿಗೆ. ಬೆನ್ನು ಬಾಗಿಸಿ ಕೂರಿಸಿ ತೆಳು ಸೂಜಿ ಚುಚ್ಚುತ್ತಾರೆ, ಮಲಗಿಸಿ ಮೇಜನ್ನು ಎಡಕ್ಕೆ ಓರೆ ಮಾಡುತ್ತಾರೆ, ಕಾಲು ಎತ್ತು ನೋಡೋಣ ಎನ್ನುತ್ತಾರೆ. ಕಾಲು ಏಳುವುದಿಲ್ಲ. ಹೊಟ್ಟೆಯ ಬಳಿ ಇಬ್ಬರು ನಿಲ್ಲುತ್ತಾರೆ. ತಲೆದೆಸೆಯ ಸ್ಟೂಲಿನ ಮೇಲೆ ಅನಸ್ಥೆಟಿಕ್ ಆಫೀಸರ್ ಕೂತು, ಅವಳ ಬೆರಳಿಗೆ ಚಿಮಟ ಸಿಕ್ಕಿಸಿ, ಅವಳದೇ ಭಾಷೆಯಲ್ಲಿ ಮಾತಾಡಿಸುತ್ತ, ಬೀಪ್ ಶಬ್ದದ ಕಡೆ ಕಿವಿ ಇಟ್ಟಿರುತ್ತಾರೆ.